ತಗಡಿನ ಶೆಡ್ಡಿನಲ್ಲಿ ಕೇಳಿದ ಮಾತು

ಪವಾಡ, ಮೈಮೇಲೆ ಬರುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದೇ ತಿಳಿದವಳು ನಾನು. ಯೇಸುವಿನಿಂದ ಶಾಂತಿ ಸಿಕ್ಕಿತು ಎನ್ನುವವರನ್ನು ಕಂಡರಂತೂ ಮೈ ಉರಿಯುತ್ತಿತ್ತು. ನನ್ನ ತಂಗಿ ನೀಲವ್ವ ಆ ಸಾಲಿಗೆ ಸೇರಿದಳು. ಅವಳನ್ನು ಎಳೆದು ತರಲೆಂದೇ ಒಂದು ಐತವಾರ ಅವಳಿದ್ದ ಗುಡಗೇರಿಗೆ ಹೋದೆ.

ನನಗೂ ಶಾಂತಿ ಇರಲಿಲ್ಲ, ಮುಚ್ಚಿಡುವುದಿಲ್ಲ. ಮಗಳು ಗಿರಿಜಾ ಗಂಡನ ಮನೆ ಬಿಟ್ಟು ಬಂದಾಗ, "ತಿರುಗಿ ಹೋಗ, ಇಲ್ಲಿ ನಿನಗ ಜಾಗಾ ಇಲ್ಲ" ಎಂದು ಬಾಗಿಲಿನಿಂದಲೇ ಕಳಿಸಿದೆ. ಎಂಟು ದಿನಕ್ಕೆ ಜ್ವರ ಬಂದು ಸತ್ತಳು. ಕಳಿಸಿದ್ದನ್ನು ಯಾರಿಗೂ ಹೇಳಲಿಲ್ಲ, ನೀಲವ್ವನಿಗೂ. ಅಂದಿನಿಂದ ಬೆಳಿಗ್ಗೆ ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಪೂಜೆಗೆ ಕೂತರೆ ಕೈ ನಡುಗುತ್ತಿತ್ತು. ಆರು ವರ್ಷ, ಒಂದು ದಿನವೂ ಪೂಜೆ ಪೂರಾ ಆಗಲಿಲ್ಲ.

ಯೇಸುವಿನವರ ಗುಡಿ ಎಂದರೆ ಒಂದು ತಗಡಿನ ಶೆಡ್ಡು, ಇಪ್ಪತ್ತು ಜನ, ಒಂದು ಢೋಲಕ. ಪಾಸ್ಟರು ಮೊದಲು ಸಂತೆಯಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದವನು. ಹಾಡು ಎಮ್ಮೆ ಒದರಿದ ಹಾಗೆ.

"ಏಳಬೇ, ಮನಿಗೆ ಹೋಗೂಣು. ಸತ್ತ ಮ್ಯಾಲ ಅಪ್ಪಗ ಯಾವ ಮಾರಿ ತೋರಸ್ತಿ?" ಎಂದೆ.

"ಕೂಡಬೇ ಅಕ್ಕಾ. ಬೈಯೂದಿದ್ರ ಹಾಡು ಮುಗದ ಮ್ಯಾಲ ಬೈ," ಎಂದಳು ನೀಲವ್ವ.

ಹಟಕ್ಕೆ ಬಿದ್ದು ಕೊರಳಿನ ಲಿಂಗದ ಕರಡಿಗೆ ಬಿಚ್ಚಿದೆ. ಲಿಂಗ ಹಿಡಿದು ಅವರ ನಡುವೆಯೇ ಪೂಜೆಗೆ ಕೂತೆ. ನೀರಿಲ್ಲ, ವಿಭೂತಿ ಇಲ್ಲ. ಯಾರೂ ಬೇಡ ಎನ್ನಲಿಲ್ಲ; ಅದಕ್ಕೂ ಸಿಟ್ಟು ಬಂತು. ಕೈ ನಡುಗತೊಡಗಿತು. ಪಾಸ್ಟರು ಒಬ್ಬೊಬ್ಬರ ತಲೆ ಮುಟ್ಟುತ್ತ ಬಂದು ನನ್ನನ್ನು ಮುಟ್ಟದೆ ದಾಟಿದ. ಆಗ ಕಿವಿಯ ಹತ್ತಿರವೇ ಕೇಳಿತು:

"ಯವ್ವಾ, ಆಕಿ ಸಿಟ್ಟಾಗಿಲ್ಲ."

ಕೈಯ ನಡುಕ ನಿಂತಿತು. ಎದೆಯ ಉರಿ, ಒಲೆಗೆ ನೀರು ಸುರಿದಂತೆ, ಆರಿತು. ಅಲ್ಲಿಯೇ ಕೂತು ಪೂಜೆ ಪೂರಾ ಮಾಡಿದೆ.

ಎಲ್ಲ ಮುಗಿದ ಮೇಲೆ ಪಾಸ್ಟರನ್ನು ಹಿಡಿದೆ. "ನನ್ನ ಕಿವ್ಯಾಗ ಏನಂದಿ?"

"ನಾ ಏನೂ ಅಂದಿಲ್ರಿ ಅವ್ವಾರ. ನಿಮ್ಮ ಪೂಜಾ ಕೆಡಬಾರ್ದಂತ ಬಾಜೂಕ ಸರದೆ."

ಸುಳ್ಳು ಹೇಳುವವರ ಮುಖ ನಾನು ಬಲ್ಲೆ. ಅವನದು ಅಂಥ ಮುಖವಲ್ಲ.

ಇದಾಗಿ ನಾಲ್ಕು ವರ್ಷ. ಕೈ ಮತ್ತೆ ನಡುಗಿಲ್ಲ. ಲಿಂಗ ಬಿಟ್ಟಿಲ್ಲ, ಐತವಾರ ಶೆಡ್ಡಿಗೆ ಹೋಗುವುದನ್ನೂ ಬಿಟ್ಟಿಲ್ಲ. ಹಾಡು ಇನ್ನೂ ಸೇರುವುದಿಲ್ಲ. ಮುದುಕಿ ಕೆಟ್ಟಳು ಎಂದು ಊರವರು ಆಡಿಕೊಳ್ಳುತ್ತಾರೆ. ಅವರು ಮಗಳನ್ನು ಬಾಗಿಲಿನಿಂದ ಕಳಿಸಿದವರಲ್ಲ.

ಕಿವಿಗೆ ಬಿದ್ದ ಆ ಮಾತು ಹೇಳಿದರೆ, "ಯೇಸುನೇ ಅಂದಾನ, ಬಿಡು," ಎನ್ನುತ್ತಾಳೆ ನೀಲವ್ವ. ಇರಬಹುದು. ಆದರೆ ಗಿರಿಜಾ ಅವನಿಗೆ ಎಲ್ಲಿ ಸಿಕ್ಕಿದ್ದಳು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.