ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ‘ಇಲ್ಲ’

ಮೈಸೂರಿಗೆ ಬಂದ ಮೂರನೆಯ ದಿನ ಒಂದು ಹೆರಿಗೆ ಆಸ್ಪತ್ರೆಗೆ ಕೆಲಸ ಕೇಳಿಕೊಂಡು ಹೋದೆ. ಡಾಕ್ಟರಮ್ಮ ಕೈಗೊಂದು ಅಚ್ಚಿನ ಕಾಗದ ಕೊಟ್ಟರು. ‘ಕಾರಣವಿಲ್ಲದೆ ಅಳು ಬರುತ್ತದೆಯೆ?’ ‘ಏನೋ ಕೆಟ್ಟದ್ದಾಗುತ್ತದೆಂದು ಎದೆ ಹೊಡೆದುಕೊಳ್ಳುತ್ತದೆಯೆ?’ ಹೀಗೆ ಇಪ್ಪತ್ತು ಪ್ರಶ್ನೆ. ಹೌದು ಅಥವಾ ಇಲ್ಲ, ಒಂದಕ್ಕೆ ಗುರುತು ಹಾಕಬೇಕು. ಪರಿಚಯವಿಲ್ಲದವರ ಅಳುವನ್ನು ವಿಚಾರಿಸುವ ಕಾಗದವೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ, ಪರೀಕ್ಷೆಗೆ ಹೆದರುವವಳಲ್ಲ. ಇಪ್ಪತ್ತಕ್ಕೂ ‘ಇಲ್ಲ’ ಹಾಕಿ ಕೊಟ್ಟೆ.

“ಇಷ್ಟೊಂದು ಚೆನ್ನಾಗಿರೋರು ಮೈಸೂರಲ್ಲೇ ಯಾರೂ ಇಲ್ಲ ಕಣಮ್ಮ,” ಎಂದರು.

ಆದರೂ ಕೆಲಸ ಕೊಟ್ಟರು. ಬಾಣಂತಿಯರಿಗೆ ಆ ಪ್ರಶ್ನೆಗಳನ್ನು ಓದಿ ಹೇಳಿ ಗುರುತು ಹಾಕಬೇಕು. ಹೌದುಗಳು ಎಂಟು ದಾಟಿದರೆ ಡಾಕ್ಟರಮ್ಮ ಪಕ್ಕ ಕೂತು ಮಾತಾಡಿಸುತ್ತಾರೆ. ಕಾಗದ ಕಾಯಿಲೆ ಹೇಳುವುದಿಲ್ಲ, ಯಾರನ್ನು ಮಾತಾಡಿಸಬೇಕೆಂದಷ್ಟೇ ಹೇಳುತ್ತದೆ. ಓದುವಾಗ ಒಂದು ಮಾತೂ ಬದಲಿಸಬಾರದೆಂಬುದು ಅವರ ಕಟ್ಟುನಿಟ್ಟು.

ಲಷ್ಕರ್ ಮೊಹಲ್ಲಾದ ವಠಾರವೊಂದರಲ್ಲಿ ಕೋಣೆ ಸಿಕ್ಕಿತು. ವಠಾರ ಎಂದರೆ ಒಂದೇ ತಲೆಬಾಗಿಲೊಳಗೆ ಏಳೆಂಟು ಸಂಸಾರ, ಎಲ್ಲರಿಗೂ ಒಂದೇ ನಲ್ಲಿ. ಒಂಟಿ ಹೆಣ್ಣಿಗೆ ಕೊಡುವುದಿಲ್ಲ ಎಂದ ಮನೆಯೊಡತಿಗೆ ಪದವಿಪತ್ರ ತೋರಿಸಿದೆ. ಓದಲು ಬಾರದಿದ್ದರೂ ಮುದ್ರೆ ನೋಡಿ ಒಪ್ಪಿದರು. ಊರಲ್ಲಿ ಒಂದು ಹೊತ್ತು ಒಲೆ ಹೊಗೆ ಕಾಣದಿದ್ದರೆ ಮೂರು ಮನೆಯವರು ಬಂದು ಕೇಳುತ್ತಾರೆ. ಇಲ್ಲಿ ಗೋಡೆಯಾಚೆಯ ಒಗ್ಗರಣೆ ನನಗೆ ಗೊತ್ತಾಗುತ್ತದೆ, ನಾನು ಉಣ್ಣದ್ದು ಅವರಿಗೆ ಗೊತ್ತಾಗುವುದಿಲ್ಲ. ಶನಿವಾರಕ್ಕೊಮ್ಮೆ ಅವ್ವನಿಗೆ ಕಾರ್ಡು ಹಾಕುತ್ತಿದ್ದೆ: ‘ಇಲ್ಲಿ ನಾನು ಕ್ಷೇಮ.’

ಆಸ್ಪತ್ರೆಯಲ್ಲಿ ಪಟ್ಟಣದ ಹೆಂಗಸರು ಹೌದನ್ನೂ ಹೇಳುತ್ತಿದ್ದರು, ಇಲ್ಲವನ್ನೂ ಹೇಳುತ್ತಿದ್ದರು. ಹಳ್ಳಿಯವರದು ಬರೀ ‘ಇಲ್ಲ’. ನಮ್ಮವರ ಗಟ್ಟಿತನ ಇದು ಎಂದು ಡಾಕ್ಟರಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ಆಮೇಲೆ ನಂಜನಗೂಡಿನ ಕಡೆಯವಳೊಬ್ಬಳು ಬಂದಳು. ಸಾಕಮ್ಮ ಎನ್ನೋಣ, ಹೆಸರು ಬದಲಿಸಿದ್ದೇನೆ. ಮಾರನೆಯ ದಿನ ಮನೆಗೆ ಹೊರಡುವವಳು. ಪ್ರಶ್ನೆ ಮುಗಿಯುವ ಮೊದಲೇ ‘ಇಲ್ಲ’ ಅನ್ನುತ್ತಿದ್ದಳು. ಮಗ್ಗುಲಲ್ಲಿ ಮಗು ಅಳುತ್ತಿತ್ತು, ಅತ್ತ ತಿರುಗಲಿಲ್ಲ. ಇಪ್ಪತ್ತೂ ಮುಗಿಸಿ ಎದ್ದೆ. ತನ್ನವ್ವನಿಗೆ ಒಂದು ಕಾರ್ಡು ಬರೆದುಕೊಡಿ ಎಂದಳು.

“‘ನಾನು ಚೆಂದಾಗಿವ್ನಿ’ ಅಂತ ಬರೀರಕ್ಕ. ಇನ್ನೇನೂ ಬ್ಯಾಡಿ.”

ಇಪ್ಪತ್ತು ‘ಇಲ್ಲ’ಗಳನ್ನು ಹೇಳಿದ್ದೂ ಇದೇ ದನಿಯಲ್ಲಿ. ನನ್ನ ಶನಿವಾರದ ಕಾರ್ಡಿನ ದನಿಯೂ ಇದೇ. ಕಾಗದ ಮಡಚಿಟ್ಟು, ಊರಲ್ಲಿ ಕೇಳುವ ಹಾಗೆ ಕೇಳಿದೆ: “ಉಂಡ್ಯೇನವ್ವ?”

ಅವಳು ಗೋಡೆಯತ್ತ ಹೊರಳಿದಳು. “ಮಣ್ಣು ತಿಂದಂಗಾಯ್ತದೆ ಕಣಕ್ಕ. ಈ ಮಗೀನ ಯಾರಾರ ಎತ್ಕೊಂಡೋಗ್ಲಿ ಅನ್ನುಸ್ತದೆ. ನಾನೇ ಹೋಗ್ಬುಟ್ರೆ ಇನ್ನೂ ವಾಸಿ.”

ಮತ್ತೆ ಆಗ ‘ಇಲ್ಲ’ ಎಂದಿದ್ದೇಕೆ ಎಂದೆ.

“ಕಾಗ್ದಕ್ಕೆ ಹಾಕಿದ್ನ ಜಗಲಿ ಮ್ಯಾಲೆ ಓದ್ತಾರಲ್ಲಕ್ಕ.”

ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮೂರಲ್ಲೂ ಕಾಗದ ಬಂದರೆ ಓದು ಬಲ್ಲವರೊಬ್ಬರು ಜಗಲಿಯಲ್ಲಿ ಕೂತು ಓದುತ್ತಾರೆ. ಇಡೀ ಬೀದಿ ಕೇಳುತ್ತದೆ. ಹುಟ್ಟಿದಾಗಿನಿಂದ ಅದನ್ನು ಕಂಡವಳು ನಾನು. ಆಸ್ಪತ್ರೆಯಲ್ಲಿ ಮರೆತಿದ್ದೆ.

ಡಾಕ್ಟರಮ್ಮನ ಹತ್ತಿರ ಹೋಗಿ, ನಿಮ್ಮ ಕಟ್ಟಳೆ ಮುರಿದಿದ್ದೇನೆ, ಅವಳನ್ನು ನಾಳೆ ಕಳಿಸಬೇಡಿ ಎಂದೆ. ಕಾಗದದಲ್ಲಿ ಒಂದೂ ‘ಹೌದು’ ಇಲ್ಲವಲ್ಲ ಎಂದರು. ಅದಕ್ಕೇ ಹೇಳುತ್ತಿದ್ದೇನೆ ಎಂದೆ. ಅವರು ಎದ್ದು ಅವಳ ಮಂಚದ ಹತ್ತಿರ ಹೋದರು.

ಅವಳನ್ನು ಮೂರು ವಾರ ಇಟ್ಟುಕೊಂಡರು, ಅವಳವ್ವನನ್ನೂ ಕರೆಸಿದರು. ಹೊರಡುವ ದಿನ ಅವಳು ಮಗುವಿಗೆ ಕುಲಾವಿ ಕಟ್ಟುತ್ತಿದ್ದಳು. ನಾನು ಕಂಡದ್ದು ಅಷ್ಟೇ. ಅಂದಿನಿಂದ ಕಾಗದ ತೆಗೆಯುವ ಮುಂಚೆ ಊಟದ ಮಾತು ಕೇಳುತ್ತೇನೆ. ಈ ಕಾಗದ ಡಾಕ್ಟರಮ್ಮನ ಬೀರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದೂ ಹೇಳುತ್ತೇನೆ. ಕಟ್ಟಳೆಗೆ ಡಾಕ್ಟರಮ್ಮನೇ ಅಷ್ಟನ್ನು ಸೇರಿಸಿದ್ದಾರೆ.

ಅವಳು ಹೊರಟ ವಾರದ ಶನಿವಾರ ನಾನೂ ಆ ಪ್ರಶ್ನೆಗಳ ಒಂದು ಕಾಗದ ತುಂಬಿದೆ. ಹನ್ನೊಂದು ಹೌದು ಬಂತು. ಅದನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವರು ನಗಲಿಲ್ಲ, ಕುರ್ಚಿ ಎಳೆದು ಕೂರಿಸಿದರು. ಅವ್ವನ ಕಾರ್ಡಿನಲ್ಲಿ ಮಾತ್ರ ಎಂದಿನಂತೆ ‘ಕ್ಷೇಮ’ ಎಂದೇ ಬರೆದೆ.

ಈಗ ಈ ಬರಹ ಪತ್ರಿಕೆಯಲ್ಲಿ ಅಚ್ಚಾಗಿ ಊರಿಗೆ ಬರುತ್ತದೆ. ಯಾರಾದರೂ ಜಗಲಿಯಲ್ಲಿ ಓದುತ್ತೀರಿ, ಅವ್ವ ಕಂಬಕ್ಕೆ ಒರಗಿ ಕೂತಿರುತ್ತಾಳೆ. ಹನ್ನೊಂದು ಎಂಬುದನ್ನು ದಯವಿಟ್ಟು ನುಂಗಬೇಡಿ, ಓದಿಬಿಡಿ. ಅವ್ವ ಆಗ, “ಅಂಗಾರೆ ಬಂದ್ಬುಡು ಅಂತ ಬರೀರಪ್ಪ,” ಅನ್ನುತ್ತಾಳೆ. ಬರುವುದಿಲ್ಲವಂತೆ ಎಂದು ಅದನ್ನೂ ನೀವೇ ಹೇಳಿ.