ನಡುಮನಿಯ ಹೊಂಡ

ನನ್ನ ಮಗಳ ಲಗ್ನಕ್ಕ ಅಕ್ಕಿಆಲೂರಿನ ಪಂಪ್ ರಿಪೇರಿ ಮಾಳಪ್ಪ ಬರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಯಾಕ ಬರಲಿಲ್ಲಂದ್ರ, ಕರೆಂಟ್ ಹೋಗಿತ್ತಂತ, ಮೀನಿಗೆ ಉಸಿರು ಕಟ್ಟತಿತ್ತಂತ. ಎಂಬತ್ತನೇ ಇಸ್ವಿ ಸುಮಾರಿಗೆ ನಮ್ಮ ಸೀಮ್ಯಾಗ ಮನಿಯೊಳಗ ಗಾಜಿನ ಪೆಟ್ಟಿಗಿ ಇಟ್ಟು ಮೀನು ಸಾಕಿದಾಂವ ಇವನೊಬ್ಬನೇ. ಪೆಟ್ಟಿಗಿಯ ಹೆಚ್ಚಿನ ನೀರು ಕೊಳವಿಯಿಂದ ಕೆಳಗಿನ ಹೊಂಡಕ್ಕ ಇಳಿದು, ಉಸುಕು-ಇದ್ದಲಿಯೊಳಗ ಸೋಸಿ, ಸಣ್ಣ ಮೋಟರಿನಿಂದ ಮತ್ತ ಮ್ಯಾಲೇರಬೇಕು; ನೀರು ನಿಂತ್ರ ಮೀನಿಗೆ ಉಸಿರಿಲ್ಲ. ಹಾನಗಲ್ಲಿಗೆ ರಿಪೇರಿಗೆ ಹೋದಾಗ ಕರೆಂಟ್ ಹೋಗಿ ಅಲ್ಲಿಯ ಫ್ಯಾನು ನಿಂತ್ರ, ನಟ್ಟು ತಿರುವೋ ಪಾನಾ ಅಲ್ಲೇ ಬಿಟ್ಟು ಊರ ಬಸ್ಸು ಹತ್ತತಿದ್ದ. ಕರೆಂಟ್ ಇಲ್ಲದಾಗ ಮನಿಗೆ ಬಂದವರು ಗೌಡ್ರಿರಲಿ, ಬೀಗರಿರಲಿ, "ಬರ್ರಿ, ಕೂಡ್ರಿ" ಅಂತ ಕೈಗೆ ತಂಬಿಗಿ ಕೊಟ್ಟು ಹೊಂಡದ ನೀರು ಪೆಟ್ಟಿಗಿಗೆ ಎತ್ತಿ ಹಾಕಸತಿದ್ದ. ಲಗ್ನಕ್ಕ ಬರಲಿಲ್ಲಂತ ಜಗಳಕ್ಕ ಹೋದ ನಾನೂ ಬೈಕೋತ ನೀರು ಹಾಕಿದೆ. "ಬೈರಿ ಅಣ್ಣಾ, ಕೈ ಮಾತ್ರ ನಿಲ್ಲಸಬ್ಯಾಡ್ರಿ" ಅಂದ. ಬ್ಯಾರೆಯವರಾಗಿದ್ರ ಪೆಟ್ಟಿಗಿ ಮೇಜಿನ ಮ್ಯಾಲಿಟ್ಟು ಕೆಳಗೊಂದು ಬಕೀಟು ಇಡತಿದ್ರು. ಇಂವ ಪೆಟ್ಟಿಗಿ ಮೊಣಕಾಲೆತ್ತರಕ್ಕ ಇಟ್ಟು, ಹೊಂಡಕ್ಕಂತ ನಡುಮನಿ ನೆಲಾನ ಅಗೆದಿದ್ದ. "ಮನ್ಯಾಗ ಬಾವಿ ತೋಡೀಯಲ್ಲೋ ಹುಚ್ಚಪ್ಯಾಲಿ" ಅಂದೆ. "ಎತ್ತರಿಟ್ರ ಆಕಿಗೆ ಕಾಣಂಗಿಲ್ರಿ" ಅಂದ. ಲಕ್ವಾ ಹೊಡೆದು ಮಲಗಿದ ಅವನ ಹೆಂಡತಿ ಅನ್ನವ್ವನ ಹೊರಸು ಪೆಟ್ಟಿಗಿಗೆ ಸಮ ಇತ್ತು. ಕೈಕಾಲು ಆಡದ ಆಕಿಯ ಕಣ್ಣಷ್ಟೇ ಮೀನಿನ ಹಿಂದ ಹೋಗಿ ಬರತಿದ್ವು. ನಾ ಹೊಂಟಾಗ ಮಾಳಪ್ಪ ಬಾಗಿಲ ತನಕ ಬಂದು, "ಚಾ ಬಾಕಿ ಉಳೀತ್ರಿ ಅಣ್ಣಾ. ಆಕಿ ಎದ್ದ ದಿನ ಆಕಿ ಕೈಲೇ ಮಾಡಿಸಿ ಕುಡಸ್ತೇನಿ" ಅಂದ. ಅನ್ನವ್ವ ಏಳಲಿಲ್ಲ. ಆ ಬಾಕಿ ಹಂಗ ಉಳದೈತಿ.