ಸೇತುವೆ ಕುಸಿದ ಬೆಳಿಗ್ಗೆ ಮೈಕ್ ಹಿಡಿದ ಫ್ಯೂಸಕ್ಕ

ಬೆಳಿಗ್ಗೆ ಐದೂವರೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಐವತ್ತೊಂದರ ಹೆಂಗಸೊಬ್ಬರು ಟಾರ್ಚು ಹಿಡಿದು ಮೇಜಿನಡಿ ತೂರಿದ್ದಾರೆ.

"ಇಲಿ ಮತ್ತೆ ವೈರ್ ಕಡಿದಿದೆ. ಗೋಡೆಗೆ ನಾಲ್ಕು ಸಲ ಬಣ್ಣ ಹೊಡೆಸಿದ್ರು. ಒಂದು ಇಲಿಬೋನು ತರಿಸಿ ಅಂದ್ರೆ ಹೆಡ್ಡಾಫೀಸನ್ನ ಕೇಳ್ಬೇಕಂತೆ!" ಗೊಣಗುತ್ತಲೇ ವೈರ್ ಜೋಡಿಸುತ್ತಾರೆ. ಆರಕ್ಕೆ ಸರಿಯಾಗಿ ಹಾಡು ಹೊರಡುತ್ತದೆ.

ಈ ಖಾಸಗಿ ಎಫ್ಎಂ ನಿಲಯದ ತಂತ್ರಜ್ಞೆ ಇವರು. ಎಲ್ಲರ ಬಾಯಲ್ಲಿ ಫ್ಯೂಸಕ್ಕ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಹಾಡಿನ ಹುಚ್ಚಿದ್ದ ಚಪ್ಪಲಿ ಅಂಗಡಿ ಯಜಮಾನರು ಹೊರಗಿನ ಸದ್ದು ಬಾರದಂತೆ ಗೋಡೆಗೆ ಹಳೇ ಹಾಸಿಗೆ ಬಡಿಸಿ ಇದನ್ನು ಶುರುಮಾಡಿದರು. ಉದ್ಘಾಟನೆಯ ಹೊತ್ತಿಗೇ ಫ್ಯೂಸ್ ಹೋಯಿತು. ಕರೆ ಹೋದದ್ದು ಇವರ ಅಪ್ಪನಿಗೆ. ಎಲೆಕ್ಟ್ರಿಷಿಯನ್ ಅಪ್ಪನಿಗೆ ಅಂದು ಜ್ವರ.

"ನೀನೇ ಹೋಗಿ ಬಾ ಮಗಳೇ ಅಂದ್ರು. ಹೋಗಿ ಬರೋಕೆ ಅಂತ ಬಂದವಳು, ಇನ್ನೂ ವಾಪಸ್ ಹೋಗಿಲ್ಲ ನೋಡಿ."

ಯಜಮಾನರ ಕಾಲದಲ್ಲಿ ಯಾರು ಬೇಕಾದರೂ ಮೆಟ್ಟಿಲು ಹತ್ತಿ ಬಂದು ಹಾಡು ಕೇಳಬಹುದಿತ್ತು. ಕಳೆದುಹೋದ ಬೀಗದ ಕೈಯ ಸುದ್ದಿಯೂ ಎರಡು ಹಾಡಿನ ನಡುವೆ ಹೋಗುತ್ತಿತ್ತು. ಅವರಿಗೆ ಮೈಗೆ ಹುಷಾರಿಲ್ಲದಾದಾಗ ನಿಲಯ ಒಂದು ಪತ್ರಿಕೆಯವರ ಪಾಲಾಯಿತು. ಆಮೇಲೆ ಹನ್ನೊಂದು ನಿಲಯಗಳಿರುವ ದೂರದ ಕಂಪನಿಗೆ ಹೋಯಿತು. ಇಷ್ಟರಲ್ಲಿ ನಿಲಯದ ಹೆಸರು ನಾಲ್ಕು ಸಲ ಬದಲಾಯಿತು.

"ಬಂದವರೆಲ್ಲ ಹೊಸತನ, ಹೊಸತನ ಅಂತಾರೆ. ಇರೋದು ಇನ್ನೂರ ಎಂಬತ್ತು ಹಾಡು. ಕೆಲವಂತೂ ದಿನಕ್ಕೆ ಆರು ಸಲ! ತಲೆ ಚಿಟ್ಟು ಹಿಡಿಯಲ್ವಾ? ಬೈಯೋಕೆ ಫೋನ್ ಮಾಡೋರಿಗೂ ನಾನೇ ಉತ್ತರ ಹೇಳ್ಬೇಕು."

ಈಗ ಬೆಳಗಿನ ಕಾರ್ಯಕ್ರಮ ಹಿಂದಿನ ಮಧ್ಯಾಹ್ನವೇ ಹೆಡ್ಡಾಫೀಸಿನಲ್ಲಿ ಧ್ವನಿಮುದ್ರಣವಾಗಿ ಬರುತ್ತದೆ. ಹೋದ ಮಳೆಗಾಲದ ಒಂದು ಮುಂಜಾನೆ, ಊರ ಹೊರಗಿನ ಸೇತುವೆಯ ಒಂದು ಕಮಾನು ಕುಸಿಯಿತು. ಆ ದಾರಿಯಲ್ಲಿ ಹಾಲಿನ ವ್ಯಾನ್ ಓಡಿಸುವ ಇವರ ತಮ್ಮ ಫೋನ್ ಮಾಡಿದ: "ಅಕ್ಕಾ, ಕೂದಲೆಳೆಯಲ್ಲಿ ಬಚಾವಾದೆ. ಇನ್ನು ಅರ್ಧ ಗಂಟೆಗೆ ಸ್ಕೂಲ್ ಬಸ್ಸು ಬರುತ್ತೆ. ಪೊಲೀಸರು ಇನ್ನೂ ಬಂದಿಲ್ಲ."

ಅದೇ ಗಳಿಗೆಯಲ್ಲಿ ರೇಡಿಯೋದ ನಿರೂಪಕ, "ಎಂಥಾ ಎಳೆಬಿಸಿಲು! ಒಂದು ಲಾಂಗ್ ಡ್ರೈವ್ ಹೋಗೋಣ್ವಾ?" ಎಂದು ಉಲಿಯುತ್ತಿದ್ದ.

ಫ್ಯೂಸಕ್ಕ ಹೆಡ್ಡಾಫೀಸಿಗೆ ಫೋನ್ ಹಚ್ಚಿದರು. "ಮೇಲ್ ಕಳಿಸಿ ಮೇಡಂ, ಹತ್ತು ಗಂಟೆಗೆ ನೋಡ್ತೀವಿ," ಎಂಬ ಉತ್ತರ ಬಂತು.

"ನನಗೆ ಮೈಯೆಲ್ಲ ಉರಿದುಹೋಯ್ತು. ನಿನ್ನ ಹತ್ತು ಗಂಟೆ ಇಟ್ಕೊಳಪ್ಪಾ ಅಂತ ಫೋನ್ ಕುಕ್ಕಿ, ಕಂಪ್ಯೂಟರಿನ ವೈರ್ ಕಿತ್ತು ಮೈಕ್ ಸಿಗಿಸಿದೆ."

ಇಪ್ಪತ್ತನಾಲ್ಕು ವರ್ಷದಲ್ಲಿ ಅದೇ ಮೊದಲು ಅವರು ಮೈಕಿನೆದುರು ಕೂತದ್ದು. ಹನ್ನೊಂದು ನಿಮಿಷ ಒಂದೇ ಮಾತು: "ಸೇತುವೆ ಬಿದ್ದಿದೆ. ಯಾರೂ ಆ ಕಡೆ ಹೋಗ್ಬೇಡಿ. ಸ್ಕೂಲ್ ಬಸ್ಸಿನ ಡ್ರೈವರಣ್ಣಾ, ಕೇಳಿಸ್ತಾ ಇದ್ಯಾ? ನಿಲ್ಸಪ್ಪಾ."

ಬಸ್ಸಿನಲ್ಲಿ ರೇಡಿಯೋ ಹಾಕಿತ್ತು. ಡ್ರೈವರ್ ನಿಲ್ಲಿಸಿದ. ಮೂವತ್ತೆರಡು ಮಕ್ಕಳು ಮನೆಗೆ ಮರಳಿದರು.

ಮೂರನೇ ದಿನ ಕಂಪನಿಯಿಂದ ನೋಟಿಸ್ ಬಂತು: ಅನುಮತಿಯಿಲ್ಲದೆ ಮಾತಾಡಿದ್ದಕ್ಕೆ ವಿವರಣೆ ಕೊಡಬೇಕಂತೆ. ಇವರು ಒಂದೇ ಸಾಲು ಬರೆದರು: "ಸೇತುವೆ ಬಿದ್ದಿತ್ತು, ಹೇಳಿದೆ." ಆ ಮಕ್ಕಳ ತಾಯಂದಿರು ಗುಂಪಾಗಿ ಮೆಟ್ಟಿಲು ಹತ್ತಿ ಬಂದು ಕೂತ ಮೇಲೆ ನೋಟಿಸ್ ಸದ್ದಿಲ್ಲದೆ ಮಾಯವಾಯಿತು. ಈಗ ಬೆಳಿಗ್ಗೆ ಒಂದು ಗಂಟೆ ನೇರಪ್ರಸಾರವಿದೆ. ನಡೆಸಿಕೊಡಲು ಇವರನ್ನೇ ಕೇಳಿದರು. ಇವರು ಒಲ್ಲೆ ಎಂದರು.

"ನಾನು ಮೈಕಲ್ಲಿ ಕೂತ್ರೆ ಯಂತ್ರ ನೋಡ್ಕೊಳ್ಳೋರು ಯಾರು?"

ಮತ್ತೇನು ಆಸೆ ಎಂದರೆ ಮೊದಲ ಬಾರಿಗೆ ನಗುತ್ತಾರೆ. "ರಿಟೈರಾದ ಮೇಲೆ ಒಂದು ದಿನ ಮಲಗಿದಲ್ಲೇ ರೇಡಿಯೋ ಕೇಳ್ಬೇಕು. ಇಷ್ಟು ವರ್ಷ ಪ್ರಸಾರ ಎಲ್ಲಿ ನಿಂತುಹೋಗುತ್ತೋ ಅಂತ ಕಾದಿದ್ದೇ ಆಯ್ತು. ಒಂದು ಹಾಡನ್ನೂ ಹಾಡು ಅಂತ ಕೇಳಿಲ್ಲ."